ಬಲಗಣ್ಣು, ಬಲೆಗಣ್ಣು

ಒಂಬತ್ತೂವರೆಗೆ ಕರೆಂಟು ಬಂತು.
ಕೋಡಿಬಾಗದ ಕಣ್ಣಾಸ್ಪತ್ರೆಯ ಹಿಂದಿನ ಕೋಣೆ,
ಪರದೆ ಎಳೆದರೂ ಸಂದಿಯಿಂದ ನುಗ್ಗುವ ಕಾಳಿ ನದಿಯ ಬಿಸಿಲು,
ಮೇಜಿನ ಮೇಲೆ ಆರಿದ ಚಾ, ನಾಲ್ಕು ಫಿಲ್ಟರುಗಳ ಪಟ್ಟಿ.
ಹಳ್ಳಿ ಕ್ಯಾಂಪುಗಳಲ್ಲಿ ಹನಿ ಹಾಕಿ ಕಾಯಲು ಪುರಸೊತ್ತಿಲ್ಲ,
ಚಿತ್ರಗಳೆಲ್ಲ ಮರಳು ಮರಳು.
'ಯಾವುದು ಒಳ್ಳೆಯದೋ ಸಂಜೆಯೊಳಗೆ ಆರಿಸಿಡು, ಮೃಣಾಲಿ,'
ಎಂದು ಹೇಳಿಹೋಗಿದ್ದಾರೆ ಶಾನಭಾಗ ಡಾಕ್ಟರು.

ಪರೀಕ್ಷೆಯ ರೀತಿಯೇ ವಿಚಿತ್ರ.
ಚೊಕ್ಕ ಚಿತ್ರವೊಂದನ್ನು ಮೊದಲು ಕೈಯಾರೆ ಕೆಡಿಸಬೇಕು.
ಉಪ್ಪು-ಮೆಣಸಿನ ಗದ್ದಲ ಅಂತ ಅದಕ್ಕೆ ಹೆಸರು:
ಅಲ್ಲೊಂದು ಬಿಳಿ ಹರಳು, ಇಲ್ಲೊಂದು ಕರಿ ಕಾಳು,
ಸಾಣಿಕಟ್ಟೆಯ ಉಪ್ಪನ್ನು ಕಣ್ಣಿಗೇ ಎರಚಿದ ಹಾಗೆ.
ಆಮೇಲೆ ಒಂದೊಂದೇ ಫಿಲ್ಟರಿಗೆ ಕೊಟ್ಟು
'ತೊಳಿ' ಅನ್ನಬೇಕು.

ಸರಾಸರಿ, ಮಧ್ಯಾಂಕ: ಹತ್ತನೇ ತರಗತಿಯ ಹಳೇ ಪರಿಚಯದವರು.
ಸರಾಸರಿ ಎಲ್ಲವನ್ನೂ ಕಲಸಿ ಗಂಜಿ ಮಾಡಿತು. ಇಪ್ಪತ್ತೇಳು.
ಮಧ್ಯಾಂಕ ಹಾಗಲ್ಲ, ಶಿಸ್ತಿನ ಪಿ.ಟಿ. ಮಾಸ್ತರು,
ಒಂಬತ್ತು ಬಿಂದುಗಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿ
ಐದನೆಯವನನ್ನು ಮುಂದೆ ಕರೆಯುತ್ತದೆ.
ತೀರಾ ಕುಳ್ಳ, ತೀರಾ ಉದ್ದ, ಇಬ್ಬರೂ ಮನೆಗೆ.
ಮೂವತ್ತಾರು ಡೆಸಿಬಲ್. ಎಲ್ಲರಿಗಿಂತ ಮೇಲೆ.

ಗೆದ್ದದ್ದನ್ನು ಬೆಳಗಿನ ಹೊಸ ಚಿತ್ರಕ್ಕೆ ಹಾಕಿದೆ:
ಪರ್ಸು ತಾಂಡೇಲ, ಮಾಜಾಳಿ, ಅರವತ್ತೆರಡು,
ಸಕ್ಕರೆ ಹದಿನೈದು ವರ್ಷದ್ದು, ಬಲಗಣ್ಣು.
ಹನಿ ಹಾಕಿಸಿಕೊಂಡು ಬೆಂಚಿನಲ್ಲಿ ಕೂತಿದ್ದವರು
ಪರದೆಯ ಕಿತ್ತಳೆ ಚಂದ್ರನನ್ನು ನೋಡಿ
'ಅದು ನಂದಾ?' ಅಂದರು.
ನಿಮ್ಮದೇ. ಸ್ವಲ್ಪ ಗದ್ದಲ ಇತ್ತು, ತೆಗೆದೆ.
'ಗದ್ದಲಾ?' ಕಿವಿ ಮುಂದೆ ಮಾಡಿದರು,
'ಎಂತಾ ಕೇಳೂದಿಲ್ಲ ಅಲ್ಲಾ ತಂಗೀ.'

ಊಟದ ಡಬ್ಬಿ ತೆಗೆದೆ.
'ಬಲೆಗೂ ಕಣ್ಣು ಅಂತ್ಲೇ ಹೇಳೂದು,' ಅಂದರು ಸುಮ್ಮನೆ,
ಬೆರಳು ಜೋಡಿಸಿ ಅಳತೆ ತೋರಿಸುತ್ತ.
'ಬಂಗಡೆಗೆ ಇಷ್ಟು. ತಾರ್ಲೆಗೆ ಇಷ್ಟೇ.
ನಲವತ್ತು ವರ್ಷ ಹೆಣೆದೆ. ಬುಟ್ಟಿ ತುಂಬ್ತು
ಅಂದಕೂಡ್ಲೆ ಬಲೆ ಒಳ್ಳೇದು ಅಂತ ಅಲ್ಲ.
ಎಂತಾ ಜಾರಿ ಹೋಯ್ತು, ಅದನ್ನ ನೋಡಿದವ ಯಾರು?'

ಡಬ್ಬಿ ಮುಚ್ಚಿದೆ.
ಮೂಲದಿಂದ ತೊಳೆದದ್ದನ್ನು ಕಳೆದೆ.
ಉಳಿದದ್ದು ಬರೀ ಮರಳಾಗಿರಬೇಕು,
ಉಬ್ಬರ ಇಳಿದ ದೇವಬಾಗದ ದಂಡೆಯ ಹಾಗೆ,
ಯಾರ ಹೆಜ್ಜೆಯೂ ಇಲ್ಲದೆ.

ಹೆಜ್ಜೆ ಇತ್ತು.
ಕೂದಲೆಳೆಯ ರಕ್ತನಾಳದ ಕವಲುಗಳು,
ಒಂದು ಕವಲಿನ ತುದಿಗೆ
ಸಾಸಿವೆಗಿಂತ ಸಣ್ಣ ಚುಕ್ಕಿ.
ಹತ್ತು ಲಕ್ಷ ಬಿಂದುಗಳಲ್ಲಿ ನಾಲ್ಕು.
ಒಂಬತ್ತರ ಸಾಲಿನಲ್ಲಿ ನಾಲ್ಕೇ ಜನ ನಿಂತರೆ
ಐದನೆಯ ಜಾಗ ಅವರಿಗೆ ಸಿಗುವುದೇ ಇಲ್ಲ.
ಅವರು ಹೋದದ್ದು ಲೆಕ್ಕಕ್ಕೂ ತಿಳಿಯಲಿಲ್ಲ,
ಮೂವತ್ತಾರು ಮೂವತ್ತಾರಾಗಿಯೇ ಇತ್ತು.

ಧೂಳೋ, ರೋಗವೋ?
ಅಷ್ಟರಲ್ಲಿ ಪಾಪೆ ಅರಳಿತ್ತು.
ಗಲ್ಲ ಇಡಿ, ರೆಪ್ಪೆ ಹೊಡೆಯಬೇಡಿ, ಎಂದೆ. ಬೆಳಕು ಚಿಮ್ಮಿತು.
ಗದ್ದಲವಾದರೆ ಎರಡನೇ ಸಲ ಅದೇ ಜಾಗದಲ್ಲಿ ಕೂರುವುದಿಲ್ಲ.
ಚುಕ್ಕಿ ಕೂತಿತ್ತು,
ಅದೇ ಕವಲು, ಅದೇ ತುದಿ, ಕೆಂಪಗೆ.

ಕೋಷ್ಟಕಕ್ಕೆ ಇನ್ನೊಂದು ಕಾಲಂ ಎಳೆದೆ.
ತಲೆಬರಹ ಹೊಳೆಯದೆ
'ಏನು ಹೋಯಿತು' ಎಂದು ಬರೆದೆ.
ಡಾಕ್ಟರು ತಿದ್ದುತ್ತಾರೆ, ತಿದ್ದಲಿ.
ಮೂರನೇ ಸ್ಥಾನದ ವೇವ್ಲೆಟ್ ಮರಳನ್ನು ಪೂರ್ತಿ ತೆಗೆಯಲಾರದೆ
ಚುಕ್ಕಿಯನ್ನೂ ಉಳಿಸಿತ್ತು.
ಅದರ ಎದುರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಪೆನ್ನಲ್ಲಲ್ಲ,
ಫೋಲ್ಡರಿನಲ್ಲಿ ಇನ್ನೂ ಮೂವತ್ತೊಂಬತ್ತು ಕಣ್ಣುಗಳಿವೆ.

ಮೂರೂವರೆಗೆ ನೋಡಿದರೆ ಗೇಟಿನ ಬಳಿ
ಹಣೆಗೆ ಟವೆಲ್ ಅಡ್ಡ ಹಿಡಿದು ನಿಂತಿದ್ದರು,
ಅರಳಿದ ಕಣ್ಣಿಗೆ ರಸ್ತೆಯೆಲ್ಲ ಮೀನಿನ ಹೊಟ್ಟೆಯ ಬಿಳುಪು.
'ಮಾಜಾಳಿ ಬಸ್ಸು ಬಂದ್ರೆ ಹೇಳು. ಬೋರ್ಡು ಓದೂಕೆ ಆಗೂದಿಲ್ಲ.'
ಮೊದಲನೆಯದು ಜೋಯಿಡಾದ್ದು.
ಎರಡನೆಯದು ಸದಾಶಿವಗಡಕ್ಕೇ ಕೊನೆ.
ಮೂರನೆಯದಕ್ಕೆ ಕೈ ಅಡ್ಡ ಹಾಕಿದೆ.